ನಮ್ಮ ತೋಟದ ಕಾಫಿಯನ್ನು ಹೊರದೇಶದಲ್ಲಿ ಮಾರಬೇಕು, ಪ್ರಚಾರ ಎಲ್ಲಿಂದ ಶುರು ಮಾಡೋದು?

ಆಲ್ದೂರು ತೋಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ತಾಲ್ಲೂಕು ಆಲ್ದೂರಿನ ಹತ್ತಿರ ನಮ್ಮದೊಂದು ಸಣ್ಣ ತೋಟ ಇದೆ. ಹೆಚ್ಚಿನದು ಎಸ್.795 ತಳಿಯ ಅರೇಬಿಕಾ, ಹಳ್ಳದ ಕಡೆ ಒಂದಿಷ್ಟು ರೊಬಸ್ಟಾ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಅಪ್ಪ ಹಣ್ಣನ್ನು ಪಲ್ಪ್ ಮಾಡಿಸಿ (ಮೇಲಿನ ತಿರುಳು ಬಿಡಿಸಿ), ಕಣದಲ್ಲಿ ಒಣಗಿಸಿ, ಒಳಸಿಪ್ಪೆ ಇರುವ ಆ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು, ಮೂಟೆ ಕಟ್ಟಿಸಿ, ಸಿಪ್ಪೆ ತೆಗೆದು ದರ್ಜೆ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸುತ್ತಿದ್ದರು. ಲಾರಿ ಗೇಟು ದಾಟಿದ ಮೇಲೆ ಆ ಕಾಫಿ ಯಾವ ದೇಶಕ್ಕೆ ಹೋಯಿತು, ಯಾರು ಕುಡಿದರು, ಅವರಿಗೆ ಇಷ್ಟವಾಯಿತಾ ಇಲ್ವಾ, ಏನೂ ಗೊತ್ತಾಗುತ್ತಿರಲಿಲ್ಲ. ನನಗೆ ಆ ಕೊರಗು ಚಿಕ್ಕಂದಿನಿಂದಲೂ ಇದೆ.

ಈಗ ಕೆಲವು ವರ್ಷದಿಂದ ಸ್ವಲ್ಪ ಭಾಗವನ್ನು ನಾವೇ ಹುರಿಸಿ, ಪುಡಿ ಮಾಡಿಸಿ, ನಮ್ಮ ಹೆಸರಲ್ಲೇ ಮಾರುತ್ತಿದ್ದೇವೆ. ನೂರಕ್ಕೆ 20 ಚಿಕೋರಿ ಹಾಕಿದ್ದು ಒಂದು, ಚಿಕೋರಿ ಇಲ್ಲದ್ದು ಒಂದು. ಹೋಂಸ್ಟೇಗೆ ಬಂದವರು, ಬೆಂಗಳೂರಿನ ಒಂದಿಷ್ಟು ಮನೆಯವರು ಖಾಯಂ ಗಿರಾಕಿಗಳು. ಪ್ಯಾಕೆಟ್ ಮೇಲೆ ಮುಳ್ಳಯ್ಯನಗಿರಿಯ ಚಿತ್ರ, ಅದರ ಕೆಳಗೆ ಹಿತ್ತಾಳೆ ಫಿಲ್ಟರ್ ಮತ್ತು ಡಬರಾ ಲೋಟ. ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ.

ಹೊರದೇಶಕ್ಕೂ ಕಳಿಸಬೇಕು ಅಂತ ಆಸೆ. ಜರ್ಮನಿ, ಜಪಾನ್, ದುಬೈ ಮೂರನ್ನೂ ಯೋಚಿಸಿದ್ದೇನೆ. ಬೆಂಗಳೂರಿನ ಒಂದು ಏಜೆನ್ಸಿಯವರು ಮೂರೂ ದೇಶದಲ್ಲಿ ಒಟ್ಟಿಗೆ ಬ್ರ್ಯಾಂಡ್ ಶುರು ಮಾಡಿಕೊಡುತ್ತೇವೆ, ಇನ್‌ಸ್ಟಾಗ್ರಾಂ ಜಾಹೀರಾತು, ವಿಡಿಯೋ ಎಲ್ಲ ನಮ್ಮದೇ ಅಂದರು. ಅವರು ಕೇಳುವ ದುಡ್ಡು ನಮ್ಮ ಒಂದು ವರ್ಷದ ಮೆಣಸಿನ ಆದಾಯದಷ್ಟಿದೆ. ಅಷ್ಟು ಹಾಕೋದು ಸರಿನಾ?

ದೊಡ್ಡ ಕಂಪನಿಗಳು ಬೇರೆ ದೇಶಕ್ಕೆ ಹೋದಾಗ ಏನು ಮಾಡುತ್ತವೆ? ಇರೋ ಸಾಮಾನನ್ನೇ ತೆಗೆದುಕೊಂಡು ಹೋಗಿ ಪ್ರಚಾರ ಮಾತ್ರ ಬದಲಿಸುತ್ತವಾ, ಸಾಮಾನನ್ನೇ ಬದಲಿಸುತ್ತವಾ? ನಾನು ಈ ಪ್ಯಾಕೆಟ್ ಇಟ್ಟುಕೊಳ್ಳಲಾ, ಹೊಸದು ಮಾಡಿಸಲಾ? ಅನುಭವ ಇರೋರು ದಯವಿಟ್ಟು ಹೇಳಿ.

---

ಹಾಸನ ಕ್ಯೂರಿಂಗ್

ನಾನು ಹಾಸನದ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬಹಳ ವರ್ಷ ಎಕ್ಸ್‌ಪೋರ್ಟ್ ವಿಭಾಗ ನೋಡಿಕೊಂಡವನು. ನಿಮ್ಮ ಅಪ್ಪನಂಥವರು ಕಳಿಸಿದ ಮೂಟೆಗಳು ಗೇಟು ದಾಟಿ ಒಳಗೆ ಬಂದ ಮೇಲೆ ಏನಾಗುತ್ತಿತ್ತು ಅನ್ನೋದು ನನ್ನ ಕಣ್ಣೆದುರಿನ ಕೆಲಸ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ, ಬೇಜಾರಾಗಬೇಡಿ.

ಏಜೆನ್ಸಿಗೆ ಈಗಲೇ ದುಡ್ಡು ಕೊಡಬೇಡಿ. ಅವರು ಕೆಟ್ಟವರು ಅಂತ ಅಲ್ಲ. ಮೂರು ದೇಶಕ್ಕೆ ಒಂದೇ ಪ್ರಚಾರ ಅನ್ನುವ ಮಾತಿನಲ್ಲೇ ತಪ್ಪಿದೆ. ಆ ಮೂರು ದೇಶದ ಜನ ಕಾಫಿ ಕುಡಿಯುವ ರೀತಿ ಒಂದೇ ಅಲ್ಲ.

ಪ್ಯಾಕೆಟ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಅದಕ್ಕೂ ಮೊದಲು ಆ ಪ್ಯಾಕೆಟ್ ಯಾರ ಅಡುಗೆಮನೆಗೆ ಹೋಗುತ್ತದೆ ಅಂತ ಯೋಚಿಸಿ. ಅಲ್ಲಿ ನಮ್ಮ ಫಿಲ್ಟರ್ ಇರುವುದಿಲ್ಲ. ಟೋಕಿಯೋದ ಮನೆಯಲ್ಲಿ ಪೇಪರ್ ಫಿಲ್ಟರ್ ಇಟ್ಟು ನಿಧಾನಕ್ಕೆ ಬಿಸಿನೀರು ಸುರಿಯುತ್ತಾರೆ, ಹಾಲು ಹಾಕದೆ ಕುಡಿಯುವವರು ಬಹಳ. ನಿಮ್ಮ ಚಿಕೋರಿ ಪುಡಿ ಆ ಪೇಪರಿನಲ್ಲಿ ಕೆಸರಾಗಿ ಕೂತುಬಿಡುತ್ತದೆ. ಹಾಲಿನ ಜೊತೆ ಚೆನ್ನಾಗಿರಲಿ ಅಂತ ಕಪ್ಪಗೆ ಹುರಿದ ಕಾಫಿ ಬರೀ ನೀರಿನಲ್ಲಿ ಕಹಿಯಾಗುತ್ತದೆ. ಅವರು ಒಂದು ಸಲ ಕುಡಿದು ಪಕ್ಕಕ್ಕಿಡುತ್ತಾರೆ. ಆಮೇಲೆ ನೀವು ಎಷ್ಟೇ ಜಾಹೀರಾತು ಕೊಡಿ, ಎರಡನೇ ಪ್ಯಾಕೆಟ್ ಹೋಗುವುದಿಲ್ಲ.

ದೊಡ್ಡ ಕಂಪನಿಗಳೂ ಇದೇ ಜಾಗದಲ್ಲಿ ಎಡವಿವೆ. 1994ರಲ್ಲಿ ಕೆಲಾಗ್ಸ್ ನಮ್ಮ ದೇಶಕ್ಕೆ ಬಂತು. ಅವರ ಊರಿನಲ್ಲಿ ಕಾರ್ನ್‌ಫ್ಲೇಕ್ಸ್‌ಗೆ ತಣ್ಣನೆ ಹಾಲು ಹಾಕುತ್ತಾರೆ. ನಮ್ಮಲ್ಲಿ ಬೆಳಗ್ಗೆ ಹಾಲು ಕಾಯಿಸದೆ ಯಾರು ಬಳಸುತ್ತಿದ್ದರು? ಬಿಸಿ ಹಾಲು ಸುರಿದರೆ ಎಲ್ಲ ಮೆತ್ತಗಾಗಿ ಅಂಬಲಿಯಾಯಿತು. ಜೊತೆಗೆ, ನೀವು ತಿನ್ನೋ ತಿಂಡಿ ಸರಿಯಿಲ್ಲ ಅನ್ನುವ ಧಾಟಿ ಬೇರೆ. ಇಡ್ಲಿ, ಉಪ್ಪಿಟ್ಟು ತಿಂದು ಬೆಳೆದವರಿಗೆ ಅದನ್ನು ಹೇಳಿ ಯಾರಾದರೂ ಮಾರಲಿಕ್ಕಾಗುತ್ತದಾ? ಅವರು ಚೇತರಿಸಿಕೊಳ್ಳಲು ವರ್ಷಗಳೇ ಬೇಕಾದವು. ಅದಕ್ಕಿಂತ ಮುಂಚೆಯೇ, 1983ರಲ್ಲಿ, ಮ್ಯಾಗಿ ಬಂದಿತ್ತು. ಅದು ನಮ್ಮ ಊಟದ ತಂಟೆಗೆ ಬರಲಿಲ್ಲ. ಸ್ಕೂಲಿನಿಂದ ಹಸಿದು ಬಂದ ಮಗುವಿಗೆ ಸಂಜೆ ಎರಡೇ ನಿಮಿಷದಲ್ಲಿ ಏನಾದರೂ ಅಂತ ಒಂದು ಖಾಲಿ ಜಾಗ ಹುಡುಕಿ ಕೂತಿತು. ರುಚಿಯೂ ಮಸಾಲೆಯದ್ದೇ.

1996ರಲ್ಲಿ ದೆಹಲಿಯಲ್ಲಿ ಬಾಗಿಲು ತೆರೆದ ಮೆಕ್‌ಡೊನಾಲ್ಡ್ಸ್ ದನದ ಮಾಂಸ, ಹಂದಿ ಮಾಂಸ ಎರಡನ್ನೂ ಬಿಟ್ಟೇ ಬಂತು. ಆಮೇಲೆ ಆಲೂ ಟಿಕ್ಕಿ ಬರ್ಗರ್ ತಂದರು. ಸಸ್ಯಾಹಾರಕ್ಕೆ ಅಡುಗೆ ಜಾಗ, ಕೆಲಸದವರು ಎಲ್ಲ ಬೇರೆ. ಬೋರ್ಡು, ಬಣ್ಣ ಮಾತ್ರ ಪ್ರಪಂಚದಲ್ಲೆಲ್ಲ ಇರುವುದೇ. ಸಾಮಾನು ಬದಲಿಸಬೇಕಾ ಪ್ರಚಾರ ಬದಲಿಸಬೇಕಾ ಅಂದಿರಲ್ಲ, ಅವರು ಬಾಯಿಗೆ ಹೋಗುವುದನ್ನು ಬದಲಿಸಿದರು, ಗುರುತನ್ನು ಉಳಿಸಿಕೊಂಡರು.

ಕಾಫಿಯ ಕಥೆಗೇ ಬರೋಣ. ಸ್ಟಾರ್‌ಬಕ್ಸ್ 2000ದಲ್ಲಿ ಆಸ್ಟ್ರೇಲಿಯಾಕ್ಕೆ ಹೋಯಿತು. ಅಲ್ಲಿ ಇಟಲಿ, ಗ್ರೀಸ್‌ನಿಂದ ಬಂದು ನೆಲೆಸಿದವರು ಮೊದಲೇ ಬೀದಿ ಬೀದಿಯಲ್ಲಿ ಒಳ್ಳೆ ಎಸ್‌ಪ್ರೆಸೊ ಅಂಗಡಿ ಮಾಡಿಕೊಂಡಿದ್ದರು. ಜನರಿಗೆ ತಮ್ಮ ಅಂಗಡಿಯವನ ಹೆಸರು ಗೊತ್ತು, ಅವನಿಗೆ ಇವರ ಕಾಫಿ ಗೊತ್ತು. ಸ್ಟಾರ್‌ಬಕ್ಸ್ ಅಂಗಡಿ ಮೇಲೆ ಅಂಗಡಿ ತೆರೆಯಿತೇ ಹೊರತು ಇವರಿಗೆ ಹೊಸದಾಗಿ ಏನನ್ನೂ ಕೊಡಲಿಲ್ಲ. 2008ರಲ್ಲಿ 61 ಅಂಗಡಿ ಒಟ್ಟಿಗೆ ಮುಚ್ಚಿದರು. ಅದೇ ಕಂಪನಿ ಇಟಲಿಗೆ ಹೋಗಲು ಎಷ್ಟು ಹಿಂಜರಿಯಿತು ನೋಡಿ. 1971ರಲ್ಲಿ ಹುಟ್ಟಿದ್ದು ಮಿಲಾನ್‌ನಲ್ಲಿ ಮೊದಲ ಅಂಗಡಿ ತೆರೆದಿದ್ದು 2018ರಲ್ಲಿ.

ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಚಿಕ್ಕಮಗಳೂರಿನ ತೋಟದ ಮನೆತನದ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಶುರು ಮಾಡಿದರು. 2005ರಲ್ಲಿ ವಿಯೆನ್ನಾದಲ್ಲಿ ಅಂಗಡಿ ಇಟ್ಟರು. ವಿಯೆನ್ನಾ! ಕಾಫಿ ಹೌಸ್‌ಗಳಿಗೇ ಹೆಸರಾದ ಊರು. ನಮ್ಮ ಮಲೆನಾಡಿನವರು ಅಲ್ಲಿ ಹೋಗಿ ನಮ್ಮ ಕಾಫಿ ಕೊಟ್ಟರಲ್ಲ ಅಂತ ನನಗೆ ಇವತ್ತಿಗೂ ಹೆಮ್ಮೆ. ಆದರೆ ಬೆಂಗಳೂರಿನಲ್ಲಿ ಕಾಲೇಜು ಹುಡುಗರಿಗೆ ಕೂತು ಹರಟಲು ಜಾಗ ಇರಲಿಲ್ಲ, ಅದನ್ನು ಕೊಟ್ಟಿದ್ದಕ್ಕೆ ಇಲ್ಲಿ ಆ ಪರಿ ಬೆಳೆಯಿತು. ವಿಯೆನ್ನಾದವರಿಗೆ ಆ ಜಾಗದ ಕೊರತೆ ಇರಲಿಲ್ಲ. ಹಾಗಾಗಿ ಅಲ್ಲಿ ಕೆಲವೇ ಅಂಗಡಿಗಳಿಗೆ ನಿಂತಿತು.

ಈಗ ನಿಮ್ಮ ವಿಷಯ. ನನ್ನ ಅಭಿಪ್ರಾಯ ಖಡಾಖಂಡಿತ: ಮೊದಲು ಕುಡಿಯುವವರಿಗೆ ಮಾರಲು ಹೋಗಬೇಡಿ, ಹುರಿಯುವವರಿಗೆ ಮಾರಿ. ಜರ್ಮನಿ, ಜಪಾನ್ ಎರಡರಲ್ಲೂ ಸಣ್ಣ ಸಣ್ಣ ರೋಸ್ಟರ್‌ಗಳು ತುಂಬಾ ಇದ್ದಾರೆ. ತಮ್ಮ ಗಿರಾಕಿ ಹೇಗೆ ಕುಡಿಯುತ್ತಾನೆ ಅನ್ನೋದು ಅವರಿಗೆ ಗೊತ್ತು, ಅದಕ್ಕೆ ತಕ್ಕಂತೆ ಹುರಿದುಕೊಳ್ಳುತ್ತಾರೆ. ಹಸಿ ಬೇಳೆ, ಅಂದರೆ ಹುರಿಯದ ಕಾಫಿ ಬೀಜ, ಹಡಗಿನಲ್ಲಿ ತಿಂಗಳಾದರೂ ಕೆಡುವುದಿಲ್ಲ, ಹುರಿದ ಪುಡಿ ವಾರಗಳಲ್ಲೇ ಘಮ ಕಳೆದುಕೊಳ್ಳುತ್ತದೆ. ನೀವು ಜಾಹೀರಾತಿಗೆ ಹಾಕುವ ದುಡ್ಡನ್ನು ಒಳ್ಳೆ ಲಾಟ್ (ಬೇರೆ ಇಟ್ಟು ಸಂಸ್ಕರಿಸಿದ ಒಂದು ಪಾಲು ಕಾಫಿ) ತಯಾರಿಸಲು ಹಾಕಿ.

---

ದುಬೈನಲ್ಲಿ ಅರಕಲಗೂಡಿನವನು

ಹಾಸನದವರು ಹೇಳಿದ್ದರಲ್ಲಿ ಜಪಾನ್, ಜರ್ಮನಿ ಮಾತು ಒಪ್ಪುತ್ತೇನೆ. ಗಲ್ಫ್ ವಿಷಯದಲ್ಲಿ ನನ್ನ ಅನುಭವ ಬೇರೆ. ನಾನು ಇಲ್ಲಿ ಸೂಪರ್ ಮಾರ್ಕೆಟ್‌ನ ಕಾಫಿ, ಮಸಾಲೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ದಿನಾ ನೋಡುವುದನ್ನೇ ಬರೆಯುತ್ತೇನೆ.

ಇಲ್ಲಿ ಎರಡು ಥರದ ಗಿರಾಕಿಗಳು. ಒಬ್ಬರು ನಮ್ಮವರು, ಕರ್ನಾಟಕ, ಕೇರಳ, ತಮಿಳುನಾಡಿನವರು. ಅವರಿಗೆ ನಿಮ್ಮ ಈಗಿನ ಪ್ಯಾಕೆಟ್ಟೇ ಸಾಕು. ಫಿಲ್ಟರ್ ಚಿತ್ರ ನೋಡಿದ ಕೂಡಲೇ ಕೈ ಹಾಕುತ್ತಾರೆ. ಚಿಕೋರಿ ಇದ್ದದ್ದೇ ಬೇಕು ಅಂತ ಕೇಳುವವರು ಜಾಸ್ತಿ. ಅವರು ಪ್ಯಾಕೆಟ್ ಎತ್ತಿಕೊಂಡು ಮಾಡುವ ಮೊದಲ ಕೆಲಸ, ತಿರುಗಿಸಿ ತಾರೀಕು ನೋಡುವುದು. ನಾಲ್ಕು ತಿಂಗಳ ಹಿಂದಿನದು ಅಂತ ಕಂಡರೆ ವಾಪಸ್ ಇಡುತ್ತಾರೆ. ಒಬ್ಬ ಅಜ್ಜಿ ಪ್ಯಾಕೆಟ್ಟನ್ನು ಮೂಗಿನ ಹತ್ತಿರ ಹಿಡಿದು ಮೆಲ್ಲಗೆ ಒತ್ತುತ್ತಾರೆ. ಗಾಳಿ ಬಿಡುವ ವಾಲ್ವ್ ಇದ್ದರೆ ಅದರಿಂದ ವಾಸನೆ ಬರುತ್ತದೆ. ಬಂದರೆ ಬುಟ್ಟಿಗೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ವಾಲ್ವ್ ಇರೋ ಕವರ್ ಹಾಕಿ.

ಇನ್ನೊಬ್ಬರು ಅರಬ್ ಮನೆಯವರು. ಅವರ ಕಾಫಿ ನಮ್ಮದಕ್ಕಿಂತ ಪೂರ್ತಿ ಬೇರೆ. ಬೇಳೆಯನ್ನು ತೀರಾ ಕಮ್ಮಿ ಹುರಿಯುತ್ತಾರೆ, ಹಳದಿ ಬಣ್ಣಕ್ಕೆ ಹತ್ತಿರ ಇರುತ್ತದೆ. ಅದಕ್ಕೆ ಏಲಕ್ಕಿ ಧಾರಾಳವಾಗಿ. ಕೆಲವರು ಕೇಸರಿಯನ್ನೂ ಹಾಕುತ್ತಾರೆ. ಉದ್ದ ಮೂತಿಯ ದಲ್ಲಾ ಹೂಜಿಯಿಂದ ಹಿಡಿಯಿಲ್ಲದ ಸಣ್ಣ ಬಟ್ಟಲಿಗೆ ಬಗ್ಗಿಸಿ ಖರ್ಜೂರದ ಜೊತೆ ಕೊಡುತ್ತಾರೆ. ಹಾಲಿಲ್ಲ, ಸಕ್ಕರೆಯಿಲ್ಲ. ನಮ್ಮ ಕೌಂಟರ್‌ನಲ್ಲಿ ಅವರು ಬೇಳೆ, ಏಲಕ್ಕಿ ಎರಡನ್ನೂ ಕಣ್ಣಾರೆ ನೋಡಿ ಆರಿಸಿ, ಎದುರಿಗೇ ಪುಡಿ ಮಾಡಿಸಿಕೊಳ್ಳುತ್ತಾರೆ. ಏಲಕ್ಕಿಯಲ್ಲಿ ಹಸಿರು ಬಣ್ಣ, ದಪ್ಪ ನೋಡುತ್ತಾರೆ. ಇಲ್ಲಿ ಗ್ವಾಟೆಮಾಲಾದ ಏಲಕ್ಕಿ ತುಂಬಾ ಬರುತ್ತದೆ, ಬೆಲೆಯಲ್ಲಿ ಅದರ ಜೊತೆ ಪೈಪೋಟಿ ಕಷ್ಟ. ಆದರೆ ಒಂದೇ ಬೆಟ್ಟದ ಕಾಫಿ, ಅದೇ ಬೆಟ್ಟದ ಏಲಕ್ಕಿ ಅಂತ ಒಂದು ಪೆಟ್ಟಿಗೆ ಮಾಡಿದರೆ ರಂಜಾನ್ ಸಮಯದಲ್ಲಿ ಉಡುಗೊರೆಗೆ ಹೋಗುತ್ತದೆ ಅಂತ ನನಗೆ ನಂಬಿಕೆ. ನಿಮ್ಮ ಕಡೆ, ಸಕಲೇಶಪುರದ ಕಡೆ ಎರಡೂ ಬೆಳೆಯುತ್ತಾರೆ ಅಲ್ವಾ?

ಅರೇಬಿಕ್‌ನಲ್ಲಿ ಲೇಬಲ್ ಕಡ್ಡಾಯ. ಇಲ್ಲಿ ಆಮದು ಲೈಸೆನ್ಸ್ ಇರುವವರ ಮೂಲಕವೇ ಬರಬೇಕು. ಸುಮ್ನೆ ಕೊರಿಯರ್ ಮಾಡಿ ಅಂಗಡಿಯಲ್ಲಿ ಇಡಿಸಲಿಕ್ಕಾಗುವುದಿಲ್ಲ.

---

ಆಲ್ದೂರು ತೋಟ

ಇಬ್ಬರಿಗೂ ತುಂಬಾ ಧನ್ಯವಾದ. ಏಲಕ್ಕಿ ಜೋಡಿ ನನ್ನ ತಲೆಗೇ ಬಂದಿರಲಿಲ್ಲ. ನಮ್ಮ ಚಿಕ್ಕಮ್ಮನ ತೋಟ ಸಕಲೇಶಪುರ ಕಡೆಯ ಹಾನುಬಾಳಿನ ಹತ್ತಿರ ಇದೆ, ಅಲ್ಲಿ ಏಲಕ್ಕಿ ಇದೆ.

ಹಾಸನದವರಿಗೆ ಒಂದು ಪ್ರಶ್ನೆ. ಹಸಿ ಬೇಳೆಯನ್ನೇ ಕಳಿಸಿದರೆ ಮತ್ತೆ ಅಪ್ಪನ ಕಾಲದ್ದೇ ಆಯಿತಲ್ಲ? ನಮ್ಮ ಹೆಸರು ಮೂಟೆಯ ಜೊತೆಗೇ ಮುಗಿದುಹೋಗುತ್ತದೆ. ಹಾಸನದ ಸುತ್ತ ಎಷ್ಟೋ ರೈತರು ಮಿಡಿಸೌತೆ ಬೆಳೆದು ಕೊಡುತ್ತಾರೆ. ಅದು ಡ್ರಮ್ಮಿನಲ್ಲಿ ಉಪ್ಪುನೀರಿನಲ್ಲಿ ಯುರೋಪಿಗೆ ಹೋಗಿ, ಅಲ್ಲಿ ಇನ್ಯಾರದೋ ಹೆಸರಿನ ಬಾಟಲಿಯಲ್ಲಿ ಕೂರುತ್ತದೆ. ತಿನ್ನುವವರಿಗೆ ಹಾಸನ ಅನ್ನೋ ಊರಿದೆ ಅಂತಲೂ ಗೊತ್ತಿರಲ್ಲ. ನನಗೆ ಹಾಗಾಗೋದು ಬೇಡ. ಬಾಬಾಬುಡನ್ ಕಥೆ ನಮ್ಮ ಜಿಲ್ಲೆಯದು, ಕಾಫಿ ಈ ದೇಶಕ್ಕೆ ಬಂದಿದ್ದೇ ನಮ್ಮ ಬೆಟ್ಟಕ್ಕೆ. ಅದನ್ನು ಹೇಳದೆ ಮಾರೋದು ಹೇಗೆ?

---

ಹಾಸನ ಕ್ಯೂರಿಂಗ್

ನಿಮ್ಮ ಕೊರಗು ನನಗೆ ಅರ್ಥವಾಗುತ್ತದೆ. ಅದೇ ಕೊರಗಿನಿಂದಲೇ ನಾನು ಇಷ್ಟು ಬರೆಯುತ್ತಿರುವುದು. ಆದರೆ ಹಸಿ ಬೇಳೆ ಕಳಿಸಿದರೆ ಹೆಸರು ಹೋಗುತ್ತದೆ ಅನ್ನೋದು ಈಗ ನಿಜವಲ್ಲ. 18–19 ಟನ್ನಿನ ಕಂಟೇನರ್‌ನಲ್ಲಿ ಹತ್ತಾರು ತೋಟದ ಪ್ಲಾಂಟೇಷನ್ ‘ಎ’ ದರ್ಜೆಯ ಕಾಫಿ ಸೇರಿಸಿ ಕಳಿಸಿದಾಗ ಹೆಸರು ಹೋಗುತ್ತದೆ. ಒಂದು ತೋಟದ, ಒಂದು ಬ್ಲಾಕಿನ ಲಾಟ್ ಬೇರೆ ಇಟ್ಟು ಕಳಿಸಿದಾಗ ಹೋಗುವುದಿಲ್ಲ. ಸಣ್ಣ ರೋಸ್ಟರ್ ತನ್ನ ಪ್ಯಾಕೆಟ್ ಮೇಲೆ ತೋಟದ ಹೆಸರು, ಎತ್ತರ, ತಳಿ, ಸಂಸ್ಕರಣೆ ಮಾಡಿದ ರೀತಿ ಎಲ್ಲ ತಾನಾಗಿ ಅಚ್ಚು ಹಾಕುತ್ತಾನೆ. ಅವನ ವ್ಯಾಪಾರಕ್ಕೆ ಅದು ಬೇಕು. ನಿಮ್ಮ ಪ್ರಚಾರವನ್ನು ಅವನ ದುಡ್ಡಿನಲ್ಲಿ ಅವನೇ ಮಾಡುತ್ತಾನೆ.

ಕೊಲಂಬಿಯಾದವರು ಇದನ್ನು ದೇಶದ ಮಟ್ಟದಲ್ಲೇ ಮಾಡಿದರು. ಅಲ್ಲಿ 1927ರಿಂದ ಬೆಳೆಗಾರರ ಒಕ್ಕೂಟ ಇದೆ. 1950ರ ದಶಕದ ಕೊನೆಯಲ್ಲಿ ಅವರು ನ್ಯೂಯಾರ್ಕಿನ ಜಾಹೀರಾತು ಕಂಪನಿಯಿಂದ ಹುವಾನ್ ವಾಲ್ಡೆಸ್ ಅಂತ ಒಬ್ಬ ಬೆಳೆಗಾರನ ಪಾತ್ರ ಮಾಡಿಸಿದರು. ದೊಡ್ಡ ಟೊಪ್ಪಿ, ಪಕ್ಕದಲ್ಲಿ ಹೇಸರಗತ್ತೆ. ಅವನು ಯಾವ ಕಂಪನಿಯ ಪುಡಿಯನ್ನೂ ಮಾರಲಿಲ್ಲ. ಬೆಟ್ಟದಲ್ಲಿ ಹಣ್ಣನ್ನು ಒಂದೊಂದೇ ಕೈಯಿಂದ ಬಿಡಿಸುತ್ತೇವೆ ಅಂತ ಅಮೆರಿಕದ ಮನೆಗಳಿಗೆ ಹೇಳಿದ, ಅಷ್ಟೇ. ಆಮೇಲೆ ಅಂಗಡಿಯಲ್ಲಿ ಜನ ಕೊಲಂಬಿಯಾದ್ದೇ ಕೊಡಿ ಅಂತ ಕೇಳಿದರು. ಹುರಿಯುವ ಕಂಪನಿಗಳು ಆ ಗುರುತನ್ನು ತಮ್ಮ ಡಬ್ಬಿಯ ಮೇಲೆ ಹಾಕಿಕೊಂಡವು. ಅವರದೇ ಕೆಫೆ ಬಂದಿದ್ದು ಎಷ್ಟೋ ಆಮೇಲೆ, 2002ರಲ್ಲಿ. ನಮ್ಮಲ್ಲೂ ಹಣ್ಣು ಕೈಯಲ್ಲೇ ಬಿಡಿಸುವುದು, ಅದೂ ಮರದ ನೆರಳಲ್ಲಿ. ನಾವು ಹೇಳಿಕೊಳ್ಳಲಿಲ್ಲ ಅನ್ನೋದೊಂದೇ ವ್ಯತ್ಯಾಸ.

ಹೇಳಿಕೊಳ್ಳಲು ನಮಗೆ ಅವಕಾಶ ಇದ್ದದ್ದೂ ಕಮ್ಮಿ ಬಿಡಿ. 1990ರ ದಶಕದ ತನಕ ಬೆಳೆಗಾರ ತನ್ನ ಕಾಫಿಯನ್ನು ಸರ್ಕಾರದ ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು, ಎಲ್ಲರದ್ದೂ ಒಟ್ಟಾಗಿ ಹೋಗುತ್ತಿತ್ತು. ಪೂರ್ತಿ ಬಿಡುಗಡೆ ಆಗಿದ್ದು 1996ರ ಹೊತ್ತಿಗೆ. ಗಿರಾಕಿಯ ಮುಖ ನೋಡಿ ಮಾರುವುದನ್ನು ನಾವು ಕಲಿಯಲು ಶುರು ಮಾಡಿದ್ದೇ ಆಮೇಲೆ.

ಜಮೈಕಾದವರ ಬ್ಲೂ ಮೌಂಟನ್ ಇನ್ನೊಂದು. ಪುಟ್ಟ ಬೆಟ್ಟಸಾಲು, ಬೆಳೆ ಕಮ್ಮಿ. ಗೋಣಿಚೀಲದ ಬದಲು ಮರದ ಪೀಪಾಯಿಯಲ್ಲಿ ತುಂಬಿ ಕಳಿಸುತ್ತಾರೆ. ಅದರ ದೊಡ್ಡ ಪಾಲು ಬಹಳ ವರ್ಷದಿಂದ ಜಪಾನಿಗೇ ಹೋಗುತ್ತಿದೆ. ಅವರು ಎಲ್ಲ ದೇಶದ ಬಾಗಿಲು ತಟ್ಟಲಿಲ್ಲ. ಬೆಲೆ ಕೊಡುವ ಒಂದು ದೇಶ ಹಿಡಿದರು. ಪಕ್ಕದ ಆಂಧ್ರದ ಅರಕು ಕಣಿವೆಯ ಆದಿವಾಸಿ ರೈತರ ಕಾಫಿ 2017ರಲ್ಲಿ ಪ್ಯಾರಿಸ್‌ನಲ್ಲಿ ಸ್ವಂತ ಅಂಗಡಿ ತೆರೆಯಿತು. ಬೆಂಗಳೂರಿಗೆ ಬಂದಿದ್ದು ಅದರ ನಂತರ.

ಬಾಬಾಬುಡನ್ ಕಥೆ ಬಿಡಿ ಅಂತ ನಾನು ಹೇಳುವುದಿಲ್ಲ. ಯೆಮನ್‌ನಿಂದ ಏಳು ಬೀಜ ತಂದರು ಅನ್ನುವ ಐತಿಹ್ಯ ಯಾರಿಗೂ ಮನಸ್ಸಿಗೆ ಹಿಡಿಸುತ್ತದೆ. ಆದರೆ ಅದು ಇಡೀ ಜಿಲ್ಲೆಯ ಕಥೆ, ನಿಮ್ಮ ತೋಟದ್ದಲ್ಲ. ಕೊಳ್ಳುವವನು ಮೊದಲು ಕೇಳುವುದು ತೇವಾಂಶ ಎಷ್ಟು ಅಂತ. ನೂರಕ್ಕೆ 10ರಿಂದ 12ರ ಒಳಗೆ ಇರಬೇಕು. ಜಪಾನಿನವರ ಜೊತೆ ಕಪ್ಪಿಂಗ್ (ಕಾಫಿ ರುಚಿ ನೋಡುವ) ಮೇಜಿನ ಪಕ್ಕ ನಿಂತು ನೋಡಿದ್ದೇನೆ. ಸಾಲಾಗಿ ಬಟ್ಟಲುಗಳು, ಪ್ರತಿ ಬಟ್ಟಲಿಗೂ ತೂಕ ಹಾಕಿದ ಪುಡಿ, ಮೇಲೆ ಬಿಸಿನೀರು. ನಾಲ್ಕು ನಿಮಿಷ ಯಾರೂ ಮಾತಾಡುವುದಿಲ್ಲ. ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆದು, ಬಗ್ಗಿ, ಮೂಗನ್ನು ಬಟ್ಟಲಿಗೆ ತಾಗುವಷ್ಟು ಹತ್ತಿರ ತರುತ್ತಾರೆ. ಆಮೇಲೆ ಸೊರ್ರ್ ಅಂತ ಹೀರಿ ಉಗಿಯುತ್ತಾರೆ. ಬರೆದುಕೊಳ್ಳುತ್ತಾರೆ. ಆಮೇಲಷ್ಟೇ ಪ್ರಶ್ನೆ: ಪಲ್ಪ್ ಆದ ಬೀಜವನ್ನು ಎಷ್ಟು ಗಂಟೆ ಹುಳಿ ಬರಿಸಿದಿರಿ? ಕಣ ಸಿಮೆಂಟಿನದ್ದಾ, ನೆಲದಿಂದ ಎತ್ತರಿಸಿದ ಮಂಚದ ಮೇಲೆ ಒಣಗಿಸಿದ್ದಾ? ರಾತ್ರಿ ಮುಚ್ಚಿದಿರಾ? ಇದಕ್ಕೆಲ್ಲ ಥಟ್ಟನೆ ಉತ್ತರ ಕೊಟ್ಟ ಬೆಳೆಗಾರನ ಹೆಸರನ್ನು ಅವರು ಮರೆಯುವುದಿಲ್ಲ. ಅಷ್ಟಾದ ಮೇಲೆ ಕಥೆ ಹೇಳಿ, ಕೂತು ಕೇಳುತ್ತಾರೆ.

2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ ಜಿ.ಐ., ಅಂದರೆ ಇಂಥ ಊರಿನದ್ದೇ ಅನ್ನುವ ಭೌಗೋಳಿಕ ಗುರುತು ಸಿಕ್ಕಿದೆ. ಅದನ್ನು ಬಳಸಲು ಬೆಳೆಗಾರರಾಗಿ ನೋಂದಣಿ ಮಾಡಿಸಿಕೊಳ್ಳಬೇಕು. ಕಾಫಿ ಮಂಡಳಿಯಲ್ಲಿ ವಿಚಾರಿಸಿ. ಮಂಡಳಿಯವರು ಕಾಫಿ ಸ್ಪರ್ಧೆ ನಡೆಸಿದರೆ ಅದಕ್ಕೂ ಸ್ಯಾಂಪಲ್ ಕೊಡಿ. ಅದರಲ್ಲಿ ಹೆಸರು ಬಂದರೆ ಕೊಳ್ಳುವವರೇ ಹುಡುಕಿಕೊಂಡು ಬರುತ್ತಾರೆ.

---

ಜರ್ಮನಿಯಲ್ಲಿ ಮೂಡಿಗೆರೆ

ತಡವಾಗಿ ಓದಿದೆ. ಜರ್ಮನಿ ಬಗ್ಗೆ ಗೊತ್ತಿರುವ ಎರಡು ಮಾತು.

ಇಲ್ಲಿ ಹುರಿದ ಕಾಫಿಗೆ ಬೇರೆಯೇ ಒಂದು ತೆರಿಗೆ ಇದೆ, ಕಿಲೋಗೆ 2.19 ಯೂರೋ. ಹಸಿ ಬೇಳೆಗೆ ಅದು ಇಲ್ಲ. ಹಸಿ ಬೇಳೆಗೆ ಯುರೋಪಿನ ಆಮದು ಸುಂಕವೂ ಇಲ್ಲ. ಜೊತೆಗೆ ಪ್ಯಾಕೆಟ್ ಕವರಿನ ಕಸಕ್ಕೂ ಮಾರುವವರು ಮೊದಲೇ ನೋಂದಣಿ ಮಾಡಿಸಿರಬೇಕು. ನೀವು ಆಲ್ದೂರಿನಿಂದ ಕಾಲು ಕಿಲೋ ಪ್ಯಾಕೆಟ್ ಒಂದೊಂದೇ ಕಳಿಸಿದರೆ ಕೈಗೆ ಏನೂ ಉಳಿಯುವುದಿಲ್ಲ. ಹಾಸನದವರ ಮಾತು ಇಲ್ಲಿಗೆ ನೂರಕ್ಕೆ ನೂರು ಸರಿ.

ಗಿಡಕ್ಕೆ ಹಾಕುವ ಔಷಧಿ ವಿಷಯ ಇದಕ್ಕಿಂತ ಮುಖ್ಯ. ನಮ್ಮ ಕಡೆ ಕಾಂಡ ಕೊರೆಯುವ ಬೋರರ್ ಹುಳಕ್ಕೆ ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕ ಬಳಿಯುವುದು ರೂಢಿ. ಯುರೋಪ್ 2020ರಲ್ಲಿ ಅದರ ಅನುಮತಿ ನಿಲ್ಲಿಸಿದೆ, ಬೇಳೆಯಲ್ಲಿ ಅದರ ಅಂಶ ಕಂಡರೆ ಲಾಟ್ ವಾಪಸ್. ಬೂಷ್ಟಿನಿಂದ ಬರುವ ಓಕ್ರಾಟಾಕ್ಸಿನ್ ಅನ್ನುವ ವಿಷಕ್ಕೂ ಮಿತಿ ಇದೆ, 2023ರಿಂದ ಹುರಿದ ಕಾಫಿಗೆ ಅದನ್ನು ಇನ್ನೂ ಬಿಗಿ ಮಾಡಿದ್ದಾರೆ. ಕೊಯ್ಲಿನ ಹೊತ್ತಿಗೆ ಮಳೆ ಬಂದು ಕಣ ಒದ್ದೆಯಾಗಿದ್ದ ವರ್ಷದ ಕಾಫಿ ಕಳಿಸುವ ಮುಂಚೆ ಪರೀಕ್ಷೆ ಮಾಡಿಸಿ. ಕಾಡು ಕಡಿದ ಜಾಗದಲ್ಲಿ ಬೆಳೆದಿಲ್ಲ ಅಂತ ತೋರಿಸಲು ತೋಟದ ನಕ್ಷೆ ಕೇಳುವ ಕಾನೂನೂ ಬಂದಿದೆ. ಜಾರಿಯ ದಿನ ಮುಂದೆ ಹೋಗುತ್ತಿದೆ, ಆದರೆ ರೋಸ್ಟರ್‌ಗಳು ಈಗಾಗಲೇ ಕೇಳುತ್ತಿದ್ದಾರೆ.

ಇದನ್ನೆಲ್ಲ ತೊಂದರೆ ಅಂದುಕೊಳ್ಳಬೇಡಿ. ನನ್ನ ಬೀದಿಯ ರೋಸ್ಟರ್ ಅಂಗಡಿಯಲ್ಲಿ ಇಥಿಯೋಪಿಯಾದ ಚೀಲಕ್ಕೆ ಅಂಟಿಸಿದ ಚೀಟಿಯಲ್ಲಿ ನೆರಳಿನ ಬಗ್ಗೆ ಎರಡು ಸಾಲು ಇದೆ, ಜನ ನಿಂತು ಓದುತ್ತಾರೆ. ನಿಮ್ಮ ತೋಟದಲ್ಲಿ ಹಲಸು, ಅತ್ತಿ, ಮೆಣಸಿನ ಬಳ್ಳಿ ಇದೆ ಅಂದಿರಲ್ಲ. ಜರ್ಮನಿಯವರಿಗೆ ಅದನ್ನೇ ಹೇಳಿ. ಯಾವ ಮರ ಎಷ್ಟು ಇದೆ, ಯಾವ ಹಕ್ಕಿ ಬರುತ್ತದೆ, ಮರಗಳ ಕಪಾತು ಯಾವಾಗ ಅಂತ. ಬೆಟ್ಟದ ಚಿತ್ರಕ್ಕಿಂತ ಅದು ಇಲ್ಲಿ ಕೆಲಸ ಮಾಡುತ್ತದೆ.

---

ಆಲ್ದೂರು ತೋಟ

ಎಲ್ಲರ ಮಾತನ್ನೂ ಅಪ್ಪನಿಗೆ ಓದಿ ಹೇಳಿದೆ. ಏಜೆನ್ಸಿಗೆ ಬೇಡ ಅಂತ ತಿಳಿಸಿದ್ದೇನೆ. ಈ ಸಲ ಮೇಲಿನ ಬ್ಲಾಕ್ ಒಂದನ್ನೇ ಬೇರೆ ಇಡುತ್ತೇವೆ, ಅದಕ್ಕೆ ಮಂಚ ಹಾಕಿಸುತ್ತೇವೆ. ದುಬೈಗೆ ಏಲಕ್ಕಿ ಪೆಟ್ಟಿಗೆಯ ಮಾದರಿ ಚಿಕ್ಕಮ್ಮನ ಜೊತೆ ಸೇರಿ ಮಾಡುತ್ತೇನೆ. ಈಗಿನ ಪ್ಯಾಕೆಟ್ ಬೆಂಗಳೂರಿಗೆ ಹಾಗೇ ಇರಲಿ. ಸ್ಯಾಂಪಲ್ ಎಷ್ಟು ಕಳಿಸಬೇಕು, ಜೊತೆಗೆ ಏನು ಬರೆದು ಕಳಿಸಬೇಕು?

---

ಹಾಸನ ಕ್ಯೂರಿಂಗ್

ಪ್ರತಿ ರೋಸ್ಟರ್‌ಗೆ 350 ಗ್ರಾಂ ಹಸಿ ಬೇಳೆ ಸಾಕು. ಅದೇ ಲಾಟಿನ ಅಷ್ಟೇ ಬೇಳೆಯನ್ನು ನಿಮ್ಮ ಹತ್ತಿರ ಮುಚ್ಚಿದ ಕವರಿನಲ್ಲಿ ಇಟ್ಟುಕೊಳ್ಳಿ. ಮುಂದೆ ಮೂಟೆ ಹೋದಾಗ ಸ್ಯಾಂಪಲ್‌ಗೂ ಇದಕ್ಕೂ ಹೋಲುವುದಿಲ್ಲ ಅಂತ ಮಾತು ಬಂದರೆ ತೋರಿಸಲು ಬೇಕಾಗುತ್ತದೆ.

ಜೊತೆಗೆ ಒಂದೇ ಪುಟ. ತೋಟದ ಹೆಸರು, ಊರು, ಎತ್ತರ, ತಳಿ, ಕೊಯ್ದ ದಿನಾಂಕ, ಎಷ್ಟು ಗಂಟೆ ಹುಳಿ, ಎಷ್ಟು ದಿನ ಒಣಗಿಸಿದ್ದು, ತೇವಾಂಶ, ಈ ಲಾಟಿನಲ್ಲಿ ಒಟ್ಟು ಎಷ್ಟು ಕಿಲೋ ಇದೆ. ಔಷಧಿ ಏನು, ಯಾವಾಗ ಹೊಡೆದಿರಿ ಅನ್ನೋದು ಜರ್ಮನಿಗೆ ಹೋಗುವ ಪುಟದಲ್ಲಿ ಇರಲೇಬೇಕು. ಫೋಟೋ ಹಾಕುವುದಾದರೆ ಒಂದು, ಮಂಚದ ಮೇಲೆ ಬೇಳೆ ಒಣಗುತ್ತಿರುವುದು. ಮೂಟೆ ರಫ್ತು ಮಾಡುವ ಹೊತ್ತಿಗೆ ಐ.ಇ.ಸಿ. (ಆಮದು-ರಫ್ತು ಮಾಡುವವರಿಗೆ ಸರ್ಕಾರ ಕೊಡುವ) ನಂಬರ್, ಕಾಫಿ ಮಂಡಳಿಯ ನೋಂದಣಿ ಎರಡೂ ಬೇಕು. ಸ್ಯಾಂಪಲ್ ಕಳಿಸುವಾಗಲೇ ಅರ್ಜಿ ಹಾಕಿ. ಮೊದಲ ಸಲ ಕಂಟೇನರ್ ತುಂಬುವಷ್ಟು ನಿಮ್ಮ ಹತ್ತಿರ ಇರಲ್ಲ. ಸುತ್ತಲಿನ ನಾಲ್ಕೈದು ತೋಟದವರು ತಮ್ಮ ತಮ್ಮ ಲಾಟ್ ಬೇರೆ ಬೇರೆ ಗುರುತು ಹಾಕಿ ಒಂದೇ ಕಂಟೇನರ್‌ನಲ್ಲಿ ಕಳಿಸಬಹುದು. ಈಗಲೇ ಅವರ ಜೊತೆ ಮಾತಾಡಿ, ಹಣ್ಣಾಗುವ ಹೊತ್ತಿಗೆ ಎಲ್ಲರೂ ಕೊಯ್ಲಿನಲ್ಲಿ ಮುಳುಗಿರುತ್ತಾರೆ.